ಸತ್ತೋರು ಕೊಡಬೇಕು

ಒಂದು ಒಗಟು ಬಿಡಿಸಿ ನೋಡೋಣ: ಸತ್ತವನು ಕೊಡಬೇಕು, ಬದುಕಿದವನು ಇಟ್ಕೋಬೇಕು. ಏನದು?

ತಲೆ ಕೆರ್ಕೋಬೇಡಿ, ಬರಲ್ಲ. ಅದು ಬರ್ಬೇಕಾದ್ರೆ ನಮ್ಮ ಮನೇಲಿ ಹುಟ್ಟಿರಬೇಕು.

ನನ್ನ ಚಿಕ್ಕಪ್ಪನ ದೊಡ್ಡ ಮಗನಿಗೆ ಆಗಿದ್ದು ಇದು. ಕೈಗೆ ಸಿಕ್ಕಿದ್ದು ಬಿಡಲ್ಲ ಅಂತ ಅವನಿಗೆ ‘ಅಂಟು’ ಅಂತ ಹೆಸರಿಟ್ಟವನು ನಾನೇ. ಟೈರ್ ಅಂಗಡೀಲಿ ಕೆಲಸ. ಅವತ್ತು ಒಂದು ಲಾರಿಯ ಚಕ್ರ ಬಿಚ್ಚಿ ಹಾಕೋದ್ರಲ್ಲಿ ರಾತ್ರಿ ಹನ್ನೊಂದು ಗಂಟೆ ಆಯ್ತು.

“ಕಣ್ಣು ದಾರಿ ಮೇಲಿರ್ಲಿ ಕಣೋ, ಬಾವಿಗೆ ಬಿದ್ದೀಯ,” ಅಂದ ಅಂಗಡಿ ಮೇಸ್ತ್ರಿ.

“ಜಾಲರಿ ಹಾಕವ್ರೆ ಬಿಡಣ್ಣ.”

ಮನೆಗೆ ಹೋಗೋ ದಾರೀಲಿರೋ ಹಳೇ ಬಾವಿ ಅದು. ಮೇಲೆ ಕಬ್ಬಿಣದ ಜಾಲರಿ, ಪಕ್ಕದಲ್ಲೊಂದು ಲೈಟು... ಮನಸ್ಸಾದ್ರೆ ಉರಿಯುತ್ತೆ. ಅಂಟು ಗೇಮ್ ಆಡ್ತಾನೇ ನಡೀತಿದ್ದ. ಟಿಕ್... ಟಿಕ್‌ಟಿಕ್... ಟಿಕ್. ಗುಂಡಿ ಒತ್ತೋ ಸದ್ದು ಅಷ್ಟೇ. ಗೇಮಿನ ಸೌಂಡು ಯಾವಾಗ್ಲೂ ಆಫ್.

ಯಾಕೆ ಆಫ್ ಅಂತ ಮೊದಲು ಹೇಳ್ಬೇಕು.

ಅಂಗೈ ಅಗಲದ ಆ ಗೇಮು ಒಂದು ಕಾರ್ಟೂನ್ ಸಿನಿಮಾದ್ದು. ಒಂಟಿ ಕಿವಿಯ ಮೇಕೆಮರಿ ತಾರಸಿಯಿಂದ ತಾರಸಿಗೆ ಹಾರ್ತಾ ಅಮ್ಮನ್ನ ಹುಡುಕುತ್ತೆ. ಅಂಟುವಿನ ತಮ್ಮ ಗುಬ್ಬಿಗೆ ಏಳು ವರ್ಷ. ಸಿನಿಮಾ ನೋಡಿರಲಿಲ್ಲ, ಅದು ಬಂದ ವಾರವೇ ಅವನು ಜ್ವರ ಅಂತ ಆಸ್ಪತ್ರೆ ಸೇರಿದ್ದ. ಮರಿಗೆ ಅಮ್ಮ ಸಿಕ್ಕಳಾ ಅನ್ನೋದೊಂದೇ ಅವನ ಚಿಂತೆ. ತಾನೇ ಆಡಿ ನೋಡ್ಬೇಕು ಅಂತ ಹಟ. ಮನೆಯ ರೂಲ್ಸು ಏನಂದ್ರೆ, ಆಟದಲ್ಲಿ ಸತ್ತೋರು ಗೇಮನ್ನ ಇನ್ನೊಬ್ರಿಗೆ ಕೊಡಬೇಕು. ಸತ್ತರೆ ‘ಟೂಂ... ಟೂಂ... ಪುಸ್ಸ್’ ಅಂತ ರಾಗ ಬರುತ್ತೆ. ಅದು ತಮ್ಮನ ಕಿವಿಗೆ ಬೀಳಬಾರದು ಅಂತ ಅಂಟು ಸೌಂಡೇ ತೆಗೆದುಬಿಟ್ಟಿದ್ದ.

ಹಾಸಿಗೆಯಿಂದ ಗುಬ್ಬಿ ಕೇಳೋನು, “ಸತ್ತ್ಯಾ ಅಣ್ಣಾ?”

“ಇಲ್ಲ ಕಣೋ.”

“ಈಗ?”

“ಇನ್ನೂ ಇಲ್ಲ. ಸುಮ್ನೆ ಮಲ್ಕೊ.”

ಅಷ್ಟರಲ್ಲಿ ಹತ್ತು ಸಲ ಸತ್ತಿರ್ತಿದ್ದ. ಒಂದು ರಾತ್ರಿ ಗುಬ್ಬಿ ಕೇಳೋದು ನಿಲ್ಲಿಸಿದ. ಸದ್ಯ, ಪೀಡೆಗೆ ನಿದ್ದೆ ಬಂತು ಅಂತ ಅಂಟು ಇನ್ನೊಂದು ಗಂಟೆ ಆಡಿದ. ನರ್ಸ್ ಬಂದು ಮುಟ್ಟಿದಾಗ... ಮೈ ತಣ್ಣಗಾಗಿತ್ತು.

ಇದಾಗಿ ಒಂದು ತಿಂಗಳಿಗೆ ಈ ಬಾವಿ ದಾರಿ.

ಎಂಟನೇ ಲೆವೆಲ್. ಮರಿ ಕಾಲು ಜಾರಿ ಬಿತ್ತು. ಗೇಮಿಂದ ಸದ್ದಿಲ್ಲ. ಜಾಲರಿ ಕೆಳಗಿಂದ ಬಂತು... ಟೂಂ... ಟೂಂ... ಪುಸ್ಸ್.

“ಸತ್ತ್ಯಾ ಅಣ್ಣಾ?”

ಪಿಸುಮಾತು. ಅಂಟುವಿನ ಬಾಯಿ ಅಭ್ಯಾಸಕ್ಕೆ ತಾನೇ ಉತ್ತರ ಕೊಡ್ತು, “ಇಲ್ಲ ಕಣೋ.”

“ನಾನು ಸತ್ತೆ...”

ಕಬ್ಬಿಣದ ಮೇಲೆ ಉಗುರು ಎಳೆದ ಸದ್ದು. ಕರ್ರ್... ಕರ್ರ್...

“ಸತ್ತೋರು ಕೊಡಬೇಕು ಅಂತಿದ್ಯಲ್ಲಾ. ನನ್ನ ಹತ್ರ ಕೊಡೋಕೆ ಏನೂ ಇಲ್ಲ ಅಣ್ಣಾ... ನನ್ನ ಸರದೀನೇ ಬರ್ಲಿಲ್ಲ.”

ಅಂಟು ಗೊಳೋ ಅಂತ ಅತ್ತ. ಗೇಮನ್ನ ಜಾಲರಿ ಮೇಲಿಟ್ಟು ಓಡಿ ಬಂದ. ಬೆಳಿಗ್ಗೆ ಹೋಗಿ ನೋಡಿದ್ರೆ ಎಂಟನೇ ಲೆವೆಲ್ ಮುಗಿದಿತ್ತು. ಮರಿ ಅಮ್ಮನ ಮಗ್ಗುಲಲ್ಲಿ ಮಲಗಿತ್ತು.

...ಈ ಕೊನೆ ನಾನು ಕಟ್ಟಿದ್ದು. ಎಂಟು ದಾಟಿದವರು ನಮ್ಮಲ್ಲಿ ಯಾರೂ ಇಲ್ಲ, ಅಮ್ಮ ಸಿಗ್ತಾಳೋ ಇಲ್ವೋ ನನಗೇನು ಗೊತ್ತು? ಚಿಕ್ಕಮ್ಮ ಕೇಳ್ತಾನೇ ಇದ್ರು. ಸಿಕ್ಕಳಂತೆ ಅಂತ ಹೇಳ್ಬಿಟ್ಟೆ.

ನಿಜವಾಗಿ ಅಂಟು ಗೇಮ್ ಕೊಡಲಿಲ್ಲ. “ಸತ್ತಿಲ್ಲ ಅಂದ್ನಲ್ಲ, ಹೋಗೋ,” ಅಂತ ಬಾವಿಗೆ ಹೇಳಿ ಮನೆಗೆ ಹೋದ. ಮೂರನೇ ದಿನ ಚಾರ್ಜರ್ ಕೇಳೋಕೆ ನನ್ನ ರೂಮಿಗೆ ಬಂದು ಇದನ್ನೆಲ್ಲ ತಾನೇ ಹೇಳಿದ, ನಗ್ತಾ. ಹೇಳುವಷ್ಟು ಹೊತ್ತೂ ಗೇಮನ್ನ ಚಿಕ್ಕ ಮಕ್ಕಳ ಕೈಗೆ ಎಟುಕದ ಹಾಗೆ ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದ. ಬಲಗೈ ಸೋತಾಗ ಎಡಗೈಗೆ ಬದಲಾಯಿಸಿದ. ಇಳಿಸಲಿಲ್ಲ.

ರೂಮಲ್ಲಿ ಇದ್ದದ್ದು ನಾವಿಬ್ಬರೇ. ನನ್ನಾಣೆ, ಇದು ಮಾತ್ರ ಕಟ್ಟಿದ್ದಲ್ಲ.