ನಾನು ಕಾಣೆಯಾಗಿರಲಿಲ್ಲ, ಖಾತೆ ತೆರೆಯಲು ಹೋಗಿದ್ದೆ

ಇಂದು ಈ ಠಾಣೆಯಲ್ಲಿ ‘ಕಾಣೆಯಾಗಿದ್ದಾರೆ’ ಎಂದು ದೂರು ದಾಖಲಾಗಿರುವ ಹೆಂಗಸು ನಾನೇ. ವಯಸ್ಸು 60. ಉದ್ಯೋಗ: ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ, ಎರಡು ತಿಂಗಳ ಹಿಂದೆ ನಿವೃತ್ತಿ. ವಾಸ: ಬಸ್ ಡಿಪೋ ಹಿಂದಿನ ಬೀದಿ, ಔಷಧಿ ಅಂಗಡಿಯ ಮೇಲಿನ ಮನೆ, ಮಗನ ಸಂಸಾರದ ಜೊತೆ. ಠಾಣಾಧಿಕಾರಿಯವರು ಕೇಳಿದ್ದಕ್ಕೆ ನಾನು ಹೇಳಿ ಬರೆಸುವುದೇನೆಂದರೆ:

ನಿವೃತ್ತಿಯಾದಾಗ ನನಗೆ ಒಟ್ಟಿಗೆ ಒಂದಿಷ್ಟು ಹಣ ಚೆಕ್ಕಿನಲ್ಲಿ ಬಂತು. ದೊಡ್ಡ ಗಂಟೇನಲ್ಲ. ಅದನ್ನು ಯಾವ ಖಾತೆಯಲ್ಲಿ ಇಡಬೇಕೆಂದು ಅಂದಿನಿಂದ ಮನೆಯಲ್ಲಿ ದಿನವೂ ಪಂಚಾಯಿತಿ ನಡೆದಿದೆ. ಇಂದು ಬೆಳಿಗ್ಗೆ 10.30ಕ್ಕೆ ಮಗ, ಮಗಳು ಇಬ್ಬರೂ ಸೇರಿ ನನ್ನನ್ನು ಮಾರುಕಟ್ಟೆ ಪಕ್ಕದ ಬ್ಯಾಂಕಿಗೆ ಕರೆದುಕೊಂಡು ಹೋದರು.

ಈ ದುಡ್ಡು ನಿಮಗೆ ಎಷ್ಟು ದಿನ ಬೇಕಾಗುವುದಿಲ್ಲ ಎಂದು ಬ್ಯಾಂಕಿನ ಅಧಿಕಾರಿ ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗ, ಐದು ವರ್ಷ ಎಂದ. ಐದು ವರ್ಷ ಕಟ್ಟಿಹಾಕೋದು ದಡ್ಡತನ, ಫೋನಲ್ಲೇ ನಡೆಯೋ ಬ್ಯಾಂಕು ಅರ್ಧ ಪರ್ಸೆಂಟ್ ಜಾಸ್ತಿ ಕೊಡುತ್ತೆ ಎಂದು ಮಗಳು ಹೇಳಿದಳು. ಆ ಅರ್ಧ ಪರ್ಸೆಂಟಿಗೆ ಇಬ್ಬರೂ ಹಾವು ಮುಂಗುಸಿಯಾದರು. ಬೇಕಾದಾಗ ತೆಗೆಯೋ ಹಾಗಿರಲಿ ಎಂದು ನಾನು ಮೂರು ಸಲ ಹೇಳಿದೆ. ನಿಂಗ್ಯಾಕಮ್ಮ ಬೇಕು ದುಡ್ಡು, ಊಟಕ್ಕೇನಾದ್ರೂ ಕಮ್ಮಿ ಮಾಡಿದೀವಾ ಎಂದು ಮಗ ಕೇಳಿದ.

ಊಟದ ಮಾತು ಬಂದದ್ದರಿಂದ ಹೇಳುತ್ತೇನೆ. ನನಗೆ ಕೆಳಸಾಲಿನಲ್ಲಿ ನಾಲ್ಕೇ ಹಲ್ಲು ಉಳಿದಿವೆ. ಎಲ್ಲವನ್ನೂ ನೆನೆಸಿ ನುಂಗುತ್ತೇನೆ. ಹಲ್ಲು ಕಟ್ಟಿಸಬೇಕೆಂದು ಮಗನಿಗೆ ಹೇಳಿದಾಗ, ಈ ವಯಸ್ಸಲ್ಲಿ ಯಾರಿಗೆ ತೋರಿಸ್ಬೇಕು ಎಂದು ನಕ್ಕಿದ್ದ. ಮೊದಲು ದುಡ್ಡು ಬೆಳೀಲಿ ಬಿಡಮ್ಮ ಎಂದು ಮಗಳು ಹೇಳಿದ್ದಳು. ಹಲ್ಲಿದ್ದಾಗ ನನಗೆ ಕಡಲೆ ಇರಲಿಲ್ಲ. ಈಗ ಕಡಲೆ ಬಂದಿದೆ, ಅದನ್ನು ಐದು ವರ್ಷ ಡಬ್ಬಿಯಲ್ಲಿಡು ಎನ್ನುತ್ತಾರೆ.

ನೀರು ಕುಡಿದು ಬರುತ್ತೇನೆಂದು ಎದ್ದೆ. ಇಬ್ಬರೂ ತಿರುಗಿ ನೋಡಲಿಲ್ಲ. ನನ್ನ ಫೋನು ಮಗಳ ಚೀಲದಲ್ಲಿ, ಚೆಕ್ಕು ನನ್ನ ಚೀಲದಲ್ಲಿ ಇತ್ತು. ಸುಮಾರು ಅರ್ಧ ಕಿಲೋಮೀಟರ್ ನಡೆದು ಬೇರೊಂದು ಬ್ಯಾಂಕಿಗೆ ಹೋದೆ. ಅಲ್ಲಿನ ಹುಡುಗಿ, ಬಡ್ಡಿ ಜಾಸ್ತಿ ಬೇಕಾ, ಬೇಕೆಂದಾಗ ದುಡ್ಡು ಬೇಕಾ, ಎರಡೂ ಒಟ್ಟಿಗೆ ಸಿಗಲ್ಲ ಅಮ್ಮ ಎಂದಳು. ಎರಡು ತಿಂಗಳಲ್ಲಿ ನನಗೆ ಅರ್ಥವಾದ ಮಾತು ಅದೊಂದೇ. ಬೇಕೆಂದಾಗ ಬೇಕು ಎಂದೆ. ಖಾತೆ ತೆರೆದು, ಚೆಕ್ಕು ಕೊಟ್ಟು, ಹಲ್ಲಿನ ಡಾಕ್ಟರ ಬಳಿಗೆ ಹೋದೆ.

ಮಧ್ಯಾಹ್ನ 2.15ಕ್ಕೆ ಪೇದೆಯವರು ನನ್ನ ಫೋಟೊ ಹಿಡಿದು ಅಲ್ಲಿಗೆ ಬಂದರು. ಹಲ್ಲಿನ ಡಾಕ್ಟರ ಹತ್ರ ನೋಡಿ ಎಂದು ಮಗಳೇ ಹೇಳಿದ್ದಳಂತೆ. ಇದು ನೀವೇನಾ ಎಂದು ಅವರು ಕೇಳಿದಾಗ ನನ್ನ ಬಾಯಿ ತುಂಬ ಅಚ್ಚು ತೆಗೆಯುವ ಹಿಟ್ಟಿತ್ತು. ಆದ್ದರಿಂದ ತಕ್ಷಣ ಉತ್ತರಿಸಲಾಗಲಿಲ್ಲ. ಪೇದೆಯವರು ತಿಳಿದಂತೆ ಅದು ಅಸಹಕಾರವಲ್ಲ.

ಠಾಣೆಯಲ್ಲಿ ನನ್ನನ್ನು ಕಂಡು ಮಗಳು ಅತ್ತಳು. ಮಗ ಮೊದಲು ಕೇಳಿದ್ದು ಚೆಕ್ಕೆಲ್ಲಿ ಎಂದು. ಆಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನೀರು ತಂದುಕೊಟ್ಟ, ಅದನ್ನೂ ಬರೆದುಕೊಳ್ಳಬೇಕು.

ನನ್ನನ್ನು ಯಾರೂ ಅಪಹರಿಸಿಲ್ಲ, ಪುಸಲಾಯಿಸಿಲ್ಲ. ಮಕ್ಕಳ ಮೇಲೆ ನನ್ನ ದೂರಿಲ್ಲ. ಅವರ ಜೊತೆಗೇ ಮನೆಗೆ ಹೋಗುತ್ತೇನೆ. ಆದರೆ ಈ ಹೇಳಿಕೆಯ ನಕಲು ದೂರುದಾರನಾದ ನನ್ನ ಮಗನಿಗೂ ಸಿಗುತ್ತದೆ ಎಂದು ತಿಳಿದುಬಂದಿರುವುದರಿಂದ, ಖಾತೆ ತೆರೆದ ಬ್ಯಾಂಕಿನ ಹೆಸರನ್ನು ಇದರಲ್ಲಿ ಬರೆಯಬಾರದೆಂದು ಕೋರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದ್ದೇ ಇದೆ, ಸತ್ಯವಾಗಿದೆ.

ಸ್ಥಳ: ಪೊಲೀಸ್ ಠಾಣೆ
ದಿನ: ಸೋಮವಾರ, ಸಂಜೆ 4.50
ಸಹಿ: (ಹೇಳಿಕೆ ಕೊಟ್ಟವಳು)