ಲೀರಾಳ ಕುರ್ಚಿ

ಇದು ನನ್ನ ಚಿಕ್ಕಪ್ಪನ ಮಗಳು ಜೋವೆಲಿನ್‌ಗೆ ಆದದ್ದು. ಅವರಿವರು ಹೇಳಿದ್ದಲ್ಲ, ಅವಳ ಬಾಯಿಂದಲೇ ಬಂದದ್ದು. ಕೊನೆಯದೊಂದನ್ನಂತೂ ನನ್ನ ಕಿವಿಯೇ ಕೇಳಿತು. ಮಕ್ಕಳು ಮಲಗಿದ್ದರೆ ಸರಿ... ಇಲ್ಲದಿದ್ದರೆ ಮಲಗಿಸಿ ಬನ್ನಿ.

ನಾವಿಬ್ಬರೂ ಫಿಲಿಪ್ಪೀನ್ಸಿನ ಪನಾಯ್ ದ್ವೀಪದವರು. ಹೊಟ್ಟೆಪಾಡಿಗೆ ಥಾಯ್ಲೆಂಡಿಗೆ ಬಂದು ಇಂಗ್ಲಿಷ್ ಕಲಿಸುವವರು. ನಾನು ಹೆಂಡತಿ ಮಕ್ಕಳೊಂದಿಗೆ ಉಡೋನ್ ಪೇಟೆಯಲ್ಲಿದ್ದೇನೆ. ಅವಳಿದ್ದದ್ದು ಒಬ್ಬಳೇ, ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಒಂದು ಸಣ್ಣ ಊರಿನಲ್ಲಿ. ಗಂಡ ತೀರಿಕೊಂಡಿದ್ದ. ಮಗಳು ಲೀರಾ, ಇನ್ನೂ ಶಾಲೆಗೆ ಸೇರದ ಕೂಸು, ಊರಲ್ಲಿ ಅಜ್ಜಿಯ ಹತ್ತಿರ. ಆ ಮಳೆಗಾಲ ಮುಗಿಯುವುದರೊಳಗೆ ಅವಳನ್ನು ಕರೆಸಿಕೊಳ್ಳಬೇಕು ಅನ್ನುವುದೊಂದೇ ಜೋವೆಲಿನ್‌ಳ ಧ್ಯಾನ. ಮಗಳಿಗೆಂದು ಪುಟ್ಟ ಮರದ ಕುರ್ಚಿ ಮಾಡಿಸಿ, ಅಡುಗೆಮನೆಯ ಮೇಜಿನ ಪಕ್ಕ ಇಟ್ಟಿದ್ದಳು. ಲೀರಾ ಫೋನಿನಲ್ಲಿ ದಿನಾ ಕೇಳುವಳು:

"ಅಮ್ಮಾ, ನನ್ ಕುರ್ಚೀಲಿ ಯಾರೂ ಕೂತಿಲ್ಲ ತಾನೇ?"

"ಯಾರೂ ಕೂತಿಲ್ಲ ಕಂದಾ. ನಿಂಗೇ ಕಾಯ್ತಾ ಇದೆ."

ಬೌದ್ಧ ಭಿಕ್ಷುಗಳ ಮಳೆಗಾಲದ ವ್ರತ ಶುರುವಾಗುವಾಗ ಶಾಲೆಗೆ ರಜೆ. ಜೋವೆಲಿನ್ ಮತ್ತು ಅವಳ ಜೊತೆ ಕಲಿಸುವ ಅರ್ಲೀನ್, ಅವಳೂ ನಮ್ಮ ಕಡೆಯವಳೇ, ಇಬ್ಬರೂ ಮೆಕಾಂಗ್ ನದಿ ದಡದ ಒಂದು ಊರಿಗೆ ಹೊರಟರು. ಬಂದಾಗಿನಿಂದ ಅವರು ಮಾಡಿದ ಮೊದಲ ಪ್ರವಾಸ ಅದು.

ಅಲ್ಲಿ ಸಂಜೆ ಸುಟ್ಟ ಮೀನು, ಅಂಟು ಅನ್ನ ತಿಂದು ಕೋಣೆಗೆ ಮರಳುತ್ತಿದ್ದರು. ಕತ್ತಲು ಆಗಷ್ಟೇ ಇಳಿದಿತ್ತು. ದಾರಿಯಲ್ಲೊಂದು ಅರಳಿಮರ. ಬುಡಕ್ಕೆ ಬಣ್ಣದ ಬಟ್ಟೆ ಸುತ್ತಿ, ಪುಟ್ಟ ಗುಡಿಯ ಮುಂದೆ ನೈವೇದ್ಯಕ್ಕೆ ಕೆಂಪು ಸೋಡಾ ಬಾಟಲಿ ಇಟ್ಟಿದ್ದರು. ನದಿಯ ನೀರು ದಡದ ದೋಣಿಗೆ ತಾಗಿ... ಟಪ್... ಟಪ್... ಅನ್ನುತ್ತಿತ್ತು.

ನಮ್ಮ ಊರಲ್ಲಿ ದೊಡ್ಡ ಮರ ದಾಟುವಾಗ, ಅಲ್ಲಿರುವವರಿಗೆ ಒಂದು ಮಾತು ಹೇಳಿ ದಾಟುತ್ತೇವೆ. ಥಾಯ್ ಜನ ಹಾಗಲ್ಲ. ಕತ್ತಲಲ್ಲಿ ಕಾಣದವರ ಜೊತೆ ಮಾತೇ ಆಡಬಾರದು, ಕೂಗಿದರೆ ಓಗೊಡಬಾರದು ಅನ್ನುತ್ತಾರೆ. ಜೋವೆಲಿನ್‌ಗೆ ಅದು ಗೊತ್ತಿತ್ತು. ಆದರೂ ನಾಲಿಗೆಗೆ ಹುಟ್ಟೂರಿನ ರೂಢಿ. ತಲೆ ತಗ್ಗಿಸಿ ಮೆಲ್ಲಗೆ ಅಂದಳು:

"ದಾರಿ ಬಿಡಿ ತಾತ... ದಾಟ್ತೀವಿ."

ಮರದ ಹಿಂದಿನಿಂದ ಒಂದು ಪುಟ್ಟ ದನಿ.

"ಸ್ಟ್ಯಾಂಡ್ ಅಪ್ ಪ್ಲೀಸ್."

ಅವಳು ನಿಂತುಬಿಟ್ಟಳು.

"ಗುಡ್ ಮಾ...ರ್ನಿಂಗ್ ಟೀ...ಚರ್."

ತರಗತಿಯಲ್ಲಿ ದಿನಾ ಕೇಳುವ ಅದೇ ರಾಗ. ಆದರೆ ಒಂದೇ ಗಂಟಲು. ನೀರು ತುಂಬಿದ ಹಾಗೆ ಗೊರಗೊರ. ವರ್ಷಗಟ್ಟಲೆ ಅದಕ್ಕೆ ಒಂದೇ ಉತ್ತರ ಕೊಟ್ಟ ಬಾಯಿ ಅವಳದು. ಯೋಚಿಸುವ ಮೊದಲೇ ಆಡಿಬಿಟ್ಟಿತು.

"ಗುಡ್ ಮಾರ್ನಿಂಗ್. ಹೌ ಆರ್ ಯೂ?"

"ಐ ಆಮ್ ಫೈನ್ ಥ್ಯಾಂಕ್ಯೂ... ಅಂಡ್ ಯೂ?"

ಮುಂದೆ ಹೋಗಿದ್ದ ಅರ್ಲೀನ್ ತಿರುಗಿ ನಕ್ಕಳು. "ಯಾರಿಗೇ ಹೇಳ್ತಿದ್ದೀಯ ಅದನ್ನ? ರಜೇಲೂ ಪಾಠಾನಾ ಮಹರಾಯ್ತಿ?"

"ನಿಂಗೆ ಕೇಳಿಸ್ಲಿಲ್ವಾ?"

"ಏನು?"

ಜೋವೆಲಿನ್ ಅವಳ ತೋಳು ಹಿಡಿದು ಎಳೆದುಕೊಂಡೇ ನಡೆದಳು. ಹಿಂದಿನಿಂದ ಪಚಕ್... ಪಚಕ್... ಒದ್ದೆ ಕ್ಯಾನ್ವಾಸ್ ಷೂ ನೆಲಕ್ಕೆ ಒತ್ತುವ ಸದ್ದು. ಅವರು ನಿಂತರೆ ಅದೂ ನಿಲ್ಲುತ್ತಿತ್ತು.

ಬೆಳಿಗ್ಗೆ ಅರ್ಲೀನ್ ಕೋಣೆಯ ಬಾಗಿಲು ತೆಗೆದಾಗ ಹೊಸ್ತಿಲ ಹೊರಗೆ ಎರಡು ಪುಟ್ಟ ಒದ್ದೆ ಗುರುತು. ನಡೆದುಬಂದ ಹೆಜ್ಜೆಗಳಲ್ಲ. ಪಕ್ಕಪಕ್ಕ, ರಾತ್ರಿಯೆಲ್ಲ ಅಲ್ಲೇ ನಿಂತವರದು. ಅದನ್ನು ನೋಡಿದ ಮೇಲೆ ಅರ್ಲೀನ್ ನಗಲಿಲ್ಲ.

ಆಮೇಲೆ ಫೋನು ಬಂತು. ಶಾಲೆಯ ಥಾಯ್ ಮೇಡಂ, ವಿಲಾಯ್ ಅಂತ. ಹಿರಿಯ ಹೆಂಗಸು.

"ಜೋವೆಲಿನ್... ನಿನ್ ಕ್ಲಾಸಿನ ಮೊಟ್ ಹೋಗ್ಬಿಟ್ಟಳಮ್ಮ."

ಮೊಟ್ ಅಂದರೆ ಇರುವೆ. ಅಷ್ಟು ಸಣ್ಣ ಹುಡುಗಿ. ಮನೆಯವರು ಇಟ್ಟ ಮುದ್ದಿನ ಹೆಸರು. ಒಂದನೇ ತರಗತಿಯ ಲೀಡರ್. ಟೀಚರ್ ಒಳಗೆ ಬಂದಾಗಲೂ ಹೊರಡುವಾಗಲೂ 'ಸ್ಟ್ಯಾಂಡ್ ಅಪ್ ಪ್ಲೀಸ್' ಅನ್ನುವವಳು ಅವಳೇ. ಟೀಚರ್ 'ಸಿಟ್ ಡೌನ್' ಅನ್ನುವ ಮೊದಲು ಯಾರಾದರೂ ಕೂತರೆ, ಭುಜ ಹಿಡಿದು ಎಬ್ಬಿಸಿ ನಿಲ್ಲಿಸುತ್ತಿದ್ದಳಂತೆ.

ರಜೆಯ ಹಿಂದಿನ ದಿನ ಕೊನೆಯ ಪಾಠ ಜೋವೆಲಿನ್‌ಳದೇ. ಮಕ್ಕಳು ಎದ್ದು ನಿಂತಿದ್ದರು. ಬಸ್ಸು ತಪ್ಪುತ್ತದೆಂದು ಅರ್ಲೀನ್ ಕಿಟಕಿಯಿಂದ ಕೂಗಿದಳು. ಜೋವೆಲಿನ್ ಚೀಲ ಹೆಗಲಿಗೆ ಹಾಕಿ, ಕೈ ಬೀಸಿ ಓಡಿಬಿಟ್ಟಳು. ಕೂತ್ಕೊಳ್ಳಿ ಅನ್ನಲಿಲ್ಲ. ಹೋಗಿ ಅಂತಲೂ ಅನ್ನಲಿಲ್ಲ.

ಬೇರೆ ಮಕ್ಕಳು ಹೋ ಎಂದು ಹೊರಗೆ ಹಾರಿದವು. ಮೊಟ್ ಅಲುಗಲಿಲ್ಲ. ಪಕ್ಕದ ಹುಡುಗಿ ಕೈ ಹಿಡಿದು ಎಳೆದಳಂತೆ. "ಬಾರೇ, ಗಾಡಿ ಹೋಗತ್ತೆ."

"ಟೀಚರ್ ಇನ್ನೂ ಹೇಳಿಲ್ಲ," ಅಂದಳಂತೆ ಮೊಟ್.

ಗಾಡಿ ಹೋಯಿತು. ಕಸ ಗುಡಿಸುವವಳು ಬಂದು, ಮಗು ಇನ್ನೂ ನಿಂತೇ ಇರುವುದು ಕಂಡು, ಗದರಿ ಕಳಿಸಿದಳು. ಹೊರಗೆ ಜೋರು ಮಳೆ. ಮೊಟ್ ಕಾಲುವೆ ಏರಿಯ ಮೇಲೆ ನಡೆದುಕೊಂಡು ಹೊರಟಿತು... ಮನೆ ಮುಟ್ಟಲಿಲ್ಲ. ಮಾರನೇ ಸಂಜೆ ಕಾಲುವೆಯಲ್ಲಿ ಸಿಕ್ಕಿತಂತೆ. ಜೋವೆಲಿನ್ ಅರಳಿಮರ ದಾಟಿದ ಸಂಜೆಯೇ.

ಸುದ್ದಿ ಕೇಳಿದ ಜೋವೆಲಿನ್‌ಳನ್ನು ಅರ್ಲೀನ್ ಶಾಲೆಯ ಊರಿಗೆ ಕರೆತಂದಳು. ದೇವಸ್ಥಾನದಲ್ಲಿ ದಹನ. ಮೊಟ್‌ಳ ತಾಯಿ ಬೈಯಲಿಲ್ಲ. ಕೈ ಮುಗಿದು, "ಟೀಚರ್ ಅಂದ್ರೆ ಅವಳಿಗೆ ಪ್ರಾಣ," ಅಂದಳು, ಅಷ್ಟೇ. ಬೈದಿದ್ದರೆ ಜೋವೆಲಿನ್ ತಡೆದುಕೊಳ್ಳುತ್ತಿದ್ದಳೇನೋ.

ಅಲ್ಲಿಂದ ಅವಳು ನೇರ ಮನೆಗೆ ನಡೆದಳು. ಸತ್ತವರನ್ನು ನೋಡಿದ ಮೇಲೆ ನಮ್ಮವರು ಹಾಗೆ ಹೋಗುವುದಿಲ್ಲ. ದಾರಿಯಲ್ಲಿ ಎಲ್ಲಾದರೂ, ಅಂಗಡಿಯಲ್ಲಾದರೂ ಸರಿ, ಸ್ವಲ್ಪ ಹೊತ್ತು ನಿಂತು, ಹಿಂದೆ ಬಂದದ್ದನ್ನು ಅಲ್ಲೇ ಕೊಡವಿ ಹೋಗುತ್ತೇವೆ. ಅವಳಿಗೆ ಆ ನೆನಪೆಲ್ಲಿ ಬರಬೇಕು?

ಅಂದಿನಿಂದ ದೀಪ ಹಚ್ಚುವ ಹೊತ್ತಾದರೆ ಸಾಕು... ಅಡುಗೆಮನೆಯಲ್ಲಿ ತೊಟ್... ತೊಟ್... ನಲ್ಲಿಯಲ್ಲ. ನಲ್ಲಿಗೆ ಬಟ್ಟೆ ಬಿಗಿದು ಕಟ್ಟಿದಳು. ಆಮೇಲೂ ತೊಟ್... ತೊಟ್... ಜೊತೆಗೆ ನಿಂತು ನಿಂತು ಕಾಲು ಸೋತವರು ಭಾರ ಬದಲಿಸುವ ಸದ್ದು. ಪಚಕ್... ಸ್ವಲ್ಪ ಹೊತ್ತು ಬಿಟ್ಟು, ಪಚಕ್...

ವಿಲಾಯ್ ಮೇಡಂ ಅಂದರು, "ಮಾತಾಡ್ಬೇಡ. ಏನು ಕೇಳಿದ್ರೂ ಮಾತಾಡ್ಬೇಡ. ಹೋಗತ್ತೆ."

ನಾನು ಫೋನಿನಲ್ಲಿ ಅಂದೆ, "ಜಪಮಾಲೆ ಹಿಡಿ ತಂಗೀ. ಮಾತೆ ಮರಿಯಮ್ಮನ ಹತ್ರ ಆ ಮಗೂನ ಒಪ್ಪಿಸು."

"ಒಪ್ಪಿಸ್ತಾನೇ ಇದೀನಣ್ಣ," ಪಿಸುಗುಟ್ಟಿದಳು. "ಆದ್ರೆ ಅದು ಮರಿಯಮ್ಮನ ಮಾತಿಗೆ ಕಾಯ್ತಿಲ್ಲ. ನನ್ ಮಾತಿಗೆ ಕಾಯ್ತಿದೆ."

ಲೀರಾ ಬರುವ ವಾರ ಹತ್ತಿರ ಬಂತು. ಆ ಮನೆಗೆ ಕೂಸನ್ನು ಕರೆತರುವುದು ಹೇಗೆ? ಒಂದು ಸಂಜೆ ಜೋವೆಲಿನ್ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಒಳಗೆ ಏನೂ ಕಾಣಲಿಲ್ಲ. ಕೆಸರಿನ ವಾಸನೆ ಮಾತ್ರ. ಹೆದರಿಕೆಗಿಂತ ಮರುಕವೇ ಹೆಚ್ಚಾಯಿತು ಅಂದಳು. ಎಷ್ಟು ದಿನ ನಿಲ್ಲುತ್ತದೆ ಪಾಪದ್ದು?

ಆಡಬಾರದೆಂದಿದ್ದ ಮಾತನ್ನು ಆಡಿದಳು.

"ಸಿಟ್ ಡೌನ್ ಪ್ಲೀಸ್."

ಒಳಗಿನಿಂದ ಅದೇ ಗೊರಗೊರ ದನಿ,

"ಥ್ಯಾಂಕ್ಯೂ ಟೀ...ಚರ್."

ಲೀರಾಳ ಕುರ್ಚಿ ಕಿರ್ರ್ ಎಂದು ಹಿಂದೆ ಸರಿಯಿತು. ಮರ ಕಟಕ್ ಅಂದಿತು. ತೊಟ್ಟಿಕ್ಕುವುದು ನಿಂತಿತು.

ಬೆಳಿಗ್ಗೆ ವಿಲಾಯ್ ಮೇಡಂಗೆ ಸಮಾಧಾನದಿಂದಲೇ ಹೇಳಿದಳು, "ಹೇಳಿಬಿಟ್ಟೆ ಮೇಡಂ. ಕೂತ್ಕೊಂಡಳು."

ಮೇಡಂ ಕೈಯಲ್ಲಿದ್ದ ಚಹಾ ಕೆಳಗಿಟ್ಟರು. "ಎಲ್ಲಿ ಹೇಳ್ದೆ?"

"ಮನೇಲಿ."

"ಕ್ಲಾಸಲ್ಲಿ ಹೇಳ್ಬೇಕಿತ್ತಮ್ಮ... ಮನೇಲಿ ಕೂರಿಸ್ಬಿಟ್ಯಲ್ಲ."

ಇನ್ನು ಏಳಿಸಿ ಕಳಿಸಬೇಕಾದರೆ 'ಗುಡ್ ಬೈ' ಅನ್ನಬೇಕು. ಅದಕ್ಕೆ ಮಕ್ಕಳು ಕೊಡುವ ಉತ್ತರ ಏನು? 'ಸೀ ಯೂ ಅಗೇನ್ ಟುಮಾರೋ.' ನಾಳೆ ಮತ್ತೆ ಕಾಣ್ತೀವಿ. ಅವಳೇ ಬಾಯಿಪಾಠ ಮಾಡಿಸಿದ್ದು. ಮೊಟ್ ಒಂದಕ್ಷರ ತಪ್ಪಿಸುವ ಹುಡುಗಿಯಲ್ಲ.

ಮನೆ ಬಿಡು ಅಂದೆ. "ನಾನು ಮನೆ ಬಿಟ್ಟೇ ಹೋದ್ರೆ ಅದೂ ಏಳತ್ತಣ್ಣ. ಎದ್ರೆ ಹಿಂದೇನೇ ಬರತ್ತೆ. ಮತ್ತೆ ನಿಂತೇ ಇರತ್ತೆ," ಅಂದಳು. ಮೊಟ್‌ಳ ಹೆಸರಲ್ಲಿ ಭಿಕ್ಷುಗಳಿಗೆ ದಾನ ಮಾಡಿಸಿದಳು, ಚರ್ಚಿನಲ್ಲಿ ಪೂಜೆ ಇಡಿಸಿದಳು. ಎರಡರಿಂದಲೂ ಏನೂ ಬದಲಾಗಲಿಲ್ಲ.

ಲೀರಾ ಬರಲಿಲ್ಲ. ಪನಾಯ್‌ನಲ್ಲೇ ಬೆಳೆಯುತ್ತಿದೆ. ಈಗ ಶಾಲೆಗೂ ಹೋಗುತ್ತದಂತೆ.

ಹೋದ ಮಳೆಗಾಲದಲ್ಲಿ ನಾನು ಜೋವೆಲಿನ್ ಮನೆಗೆ ಹೋಗಿದ್ದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಕೊರಳಲ್ಲಿ ಶಿಲುಬೆ ಇದೆ, ಇದನ್ನು ಮುಟ್ಟಿಕೊಂಡು ನಾನು ಸುಳ್ಳು ಹೇಳುವವನಲ್ಲ. ಮುಂದಿನ ಕೋಣೆಯಲ್ಲಿ ಜೋವೆಲಿನ್ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಲೀರಾಳ ಫೋನು ಬಂತು, ಸ್ಪೀಕರಿಗೆ ಹಾಕಿದಳು.

"ಅಮ್ಮಾ, ನನ್ ಕುರ್ಚೀಲಿ ಯಾರೂ ಕೂತಿಲ್ಲ ತಾನೇ?"

"ಊಟ ಆಯ್ತಾ ಕಂದಾ?" ಅಂದಳು ಜೋವೆಲಿನ್.

ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದೆ. ನಾನೂ ಟೀಚರ್ ಅಲ್ಲವೇ... ಟೀಚರ್ ಹೊರಡುವಾಗ ಮಕ್ಕಳು ಏಳಬೇಕು. ಅಡುಗೆಮನೆಯಲ್ಲಿ ಕುರ್ಚಿ ಕಿರ್ರ್ ಎಂದು ಹಿಂದೆ ಸರಿಯಿತು.

ಜೋವೆಲಿನ್ ಇಸ್ತ್ರಿಯಿಂದ ತಲೆ ಎತ್ತಲಿಲ್ಲ. ಫೋನಿಗೆ ಕೈ ಅಡ್ಡ ಹಿಡಿದು, ಮೆಲ್ಲಗೆ ಅಂದಳು:

"ಕೂತ್ಕೋ ಪುಟ್ಟಾ. ಅವರು ಬೇರೆ ಶಾಲೆ ಟೀಚರ್."