ನಿಶ್ಚಿತಾರ್ಥದ ಸೀರೆ, ಗುಜರಿ ಸೈಕಲ್ಲು

ನರಸಾಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಫ್ಯಾಕ್ಟರಿ ಯೂನಿಫಾರ್ಮಿನ ಇಬ್ಬರು ಹುಡುಗಿಯರು. ಮೇಘನ ಎಂಬವಳು ತನ್ನ ಗೆಳತಿಗೆ ಫೋನಿನಲ್ಲಿ ಒಂದು ಸೈಕಲ್ಲಿನ ಫೋಟೊ ತೋರಿಸುತ್ತಿದ್ದಳು. ಉದ್ದನೆಯದು, ನೆಲಕ್ಕೆ ತಗ್ಗಿದ್ದು, ಮೈಯೆಲ್ಲ ತುಕ್ಕಿನ ಬಣ್ಣ.

“ಹೊಸ ಸೈಕಲ್ಲು ಅಂದೆ, ಇದಕ್ಕೆ ತುಕ್ಕು ಹೆಂಗ್ ಬಂತೇ?”

“ಅಂಗಡೀದಲ್ಲ ಕಣೇ ಅನಿತ, ಗುಜರಿ ಸಾಮಾನು ಜೋಡಿಸಿ ನಾನೇ ಮಾಡಿಸಿದ್ದು. ಆ ಬಣ್ಣ ನಂಗಿಷ್ಟ, ತುಕ್ಕು ಹಿಡೀಲಿ ಅಂತ ನಾನೇ ಉಪ್ಪು, ಹುಣಸೆಹುಳಿ ಬಳಿದು ಮೂರು ದಿನ ಇಟ್ಟೆ.”

“ಮೇಲೆ ಕೆಂಪಗೆ ಹೂವಿನಂಗಿದೆಯಲ್ಲ?”

“ಸೀರೆ ಮುದುರಿ ಪೇಂಟಲ್ಲಿ ಅದ್ದಿ ಒತ್ತಿದ್ದು. ವೆಂಕಟ್ ಮನೆಯೋರು ನಿಶ್ಚಿತಾರ್ಥಕ್ಕೆ ಕೊಟ್ಟಿದ್ದ ಸೀರೆ.”

“ಅಯ್ಯೋ, ಆ ರೇಷ್ಮೆ ಸೀರೆನಾ?”

“ಸೈಕಲ್ ತುಳ್ಕೊಂಡು ಕೆಲಸಕ್ಕೆ ಹೋಗೋಳು ನಮ್ಮನೆಗೆ ಬೇಡ ಅಂತ ಮದುವೆ ಮುರಿದ್ರಲ್ಲ. ಈಗ ಅವರಮ್ಮ ಫೋನ್ ಮಾಡಿ, ಬೇರೆ ಹುಡುಗಿ ಸಿಕ್ಕಿದ್ದಾಳೆ, ಸೀರೆ ವಾಪಸ್ ಕೊಡು ಅಂತಾರೆ.”

“ನೀನೇನಂದೆ?”

“ಭಾನುವಾರ ವೇಮಗಲ್‌ಗೆ, ನಿಮ್ಮನೆಗೇ ನಾನೇ ತರ್ತೀನಿ ಅಂದೆ. ಅವತ್ತು ಅವರ ನೆಂಟರೆಲ್ಲ ಬರ್ತಾರಂತೆ.”

“ಪೇಂಟಾಗಿರೋದನ್ನ ಹೆಂಗೆ ಕೊಡ್ತೀಯೇ?”

“ಯಾರು ಕೊಡ್ತಾರೆ? ಅದನ್ನ ಸೈಕಲ್ ಸೀಟಿಗೆ ಹೊಲಿಸಿದ್ದೀನಿ. ಅವರ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, ಅದರ ಮೇಲೆ ಕೂತ್ಕೊಂಡೇ ಮಾತಾಡ್ತೀನಿ.”

ಅನಿತ ನಕ್ಕಳು. ಮೇಘನ ನಗಲಿಲ್ಲ. ಅಷ್ಟರಲ್ಲಿ ಅವರ ಕಂಪನಿ ಬಸ್ಸು ಬಂತು, ಇಬ್ಬರೂ ಹತ್ತಿ ಹೋದರು.